ಧೂಳು, ಪಿಡುಗು ಮತ್ತು ಅಕಾಲ ಮರಣ: ಗಡಿ ಭಾಗದ ಉದ್ದಿಮೆ ಬರೆಯದ ಲೆಕ್ಕ

ಭೀಮಾ ನದಿಯ ಸೇತುವೆಯನ್ನು ದಾಟಿ ಧೂಳಖೇಡದಲ್ಲಿ ಕರ್ನಾಟಕವನ್ನು ಪ್ರವೇಶಿಸುವ ಸರಕು ಲಾರಿಗಳು ವಿಜಯಪುರದ ದಿಕ್ಕಿಗೆ ಸಾಗುವಾಗ ಮೊದಲು ಸಿಗುವ ಪ್ರಮುಖ ಊರುಗಳಲ್ಲಿ ಝಳಕಿ ಒಂದು. ಢಾಬಾ, ಪಂಕ್ಚರ್ ಅಂಗಡಿ, ಗೊಬ್ಬರ ಬೀಜದ ಮಳಿಗೆ ಎಲ್ಲವೂ ಇಲ್ಲಿ ಹೆದ್ದಾರಿಯನ್ನೇ ನಂಬಿಕೊಂಡಿವೆ. ಹೆದ್ದಾರಿ ತರುವ ಆದಾಯ ವರ್ತಕನ ಕಣ್ಣಿಗೆ ಕಾಣುತ್ತದೆ. ಅದರ ಜೊತೆಗೇ ಬಂದು ತಕ್ಕಡಿಯ ತಟ್ಟೆಯ ಮೇಲೂ ಗಲ್ಲಾಪೆಟ್ಟಿಗೆಯ ಮೇಲೂ ಕೂರುವ ಧೂಳು ಮಾತ್ರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಟ್ಟೆಯಿಂದ ಒರೆಸಿ ಮರೆಯುವ ವಸ್ತುವಾಗಿದೆ. ಗಡಿಯ ಊರಿನ ಹೆಸರಿನಲ್ಲಿಯೇ ಧೂಳು ಇರುವುದು ಕಾಕತಾಳೀಯವಿರಬಹುದು. ಆದರೆ ಈ ದಾರಿಯಲ್ಲಿ ನಿತ್ಯ ಓಡಾಡುವವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣದು.

2021ರ ಫೆಬ್ರುವರಿ ತಿಂಗಳು ಈ ರಸ್ತೆಯ ಇತಿಹಾಸದಲ್ಲಿ ಎರಡು ಕಾರಣಗಳಿಗೆ ನೆನಪಿಡತಕ್ಕದ್ದು. ವಿಜಯಪುರ–ಸೊಲ್ಲಾಪುರ ನಡುವಿನ ಚತುಷ್ಪಥ ಕಾಮಗಾರಿಯಲ್ಲಿ 25.54 ಕಿಲೋಮೀಟರ್ ಉದ್ದದ ಒಂದು ಪಥಕ್ಕೆ ಕೇವಲ 18 ಗಂಟೆಗಳಲ್ಲಿ ಡಾಂಬರು ಹಾಕಿ ಮುಗಿಸಲಾಯಿತೆಂದು ಕೇಂದ್ರ ಹೆದ್ದಾರಿ ಸಚಿವರು ಪ್ರಕಟಿಸಿದರು. ಅದೇ ತಿಂಗಳು ಮಹಾರಾಷ್ಟ್ರದಿಂದ ಬರುವವರು ಕೊರೊನಾ ಸೋಂಕಿಲ್ಲವೆಂಬ ಆರ್‌ಟಿ-ಪಿಸಿಆರ್ ವರದಿಯನ್ನು ತರಬೇಕೆಂದು ರಾಜ್ಯ ಸರ್ಕಾರ ನಿಯಮ ಮಾಡಿತು. ಗಡಿಯ ತಪಾಸಣಾ ಠಾಣೆಗಳು ಮತ್ತೆ ಬಿಗಿಯಾದವು. ಕಣ್ಣಿಗೆ ಕಾಣದ ವೈರಾಣುವನ್ನು ತಡೆಯಲು ಕಾಗದ ಕೇಳಿದ ಗಡಿಯು ಕಣ್ಣಿಗೆ ಕಾಣುವ ಧೂಳನ್ನು ಎಂದೂ ಪ್ರಶ್ನಿಸಲಿಲ್ಲ. ಇದನ್ನು ಆಡಳಿತದ ದೋಷವೆಂದು ಹೇಳಿ ಮುಗಿಸುವುದು ಸುಲಭ. ವಾಸ್ತವದಲ್ಲಿ ವರ್ತಕರು, ಉದ್ದಿಮೆದಾರರು, ವೈದ್ಯರು, ಅಧಿಕಾರಿಗಳು ಎಲ್ಲರೂ ಧೂಳನ್ನು ಒಂದು ಖಾತೆಯಲ್ಲಿಯೂ ಪಿಡುಗನ್ನು ಬೇರೊಂದು ಖಾತೆಯಲ್ಲಿಯೂ ಬರೆಯುತ್ತ ಬಂದಿದ್ದಾರೆ. ಇವೆರಡೂ ಒಂದೇ ಖಾತೆಯ ಬಾಬತ್ತುಗಳು ಎಂಬುದನ್ನು ಕಳೆದ ನೂರು ವರ್ಷಗಳ ಅನುಭವ ತೋರಿಸುತ್ತದೆ.

ಮೊದಲು ಗಾತ್ರದ ಮಾತು. ಕೊರೊನಾದಿಂದ ಭಾರತದಲ್ಲಿ ಮೃತಪಟ್ಟವರ ಅಧಿಕೃತ ಸಂಖ್ಯೆ ಸುಮಾರು 5.3 ಲಕ್ಷ. 2020 ಮತ್ತು 2021ರಲ್ಲಿ ದೇಶದಲ್ಲಿ ಸಂಭವಿಸಿದ ಹೆಚ್ಚುವರಿ ಮರಣಗಳು 47 ಲಕ್ಷದಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದ್ದು, ಭಾರತ ಸರ್ಕಾರ ಅದನ್ನು ಒಪ್ಪಿಲ್ಲ. ವಾಯು ಮಾಲಿನ್ಯದ ವಿಷಯಕ್ಕೆ ಬಂದರೆ, ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನವು 2019ನೆಯ ಒಂದೇ ವರ್ಷದಲ್ಲಿ ದೇಶದ 16.7 ಲಕ್ಷ ಮರಣಗಳನ್ನು, ಅಂದರೆ ಒಟ್ಟು ಮರಣಗಳ ಶೇ. 17.8ರಷ್ಟನ್ನು, ಇದರ ಲೆಕ್ಕಕ್ಕೆ ಹಾಕಿದೆ. ಪಿಡುಗು ಎರಡು ಮೂರು ವರ್ಷ ಇದ್ದು ಇಳಿಯಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಧೂಳಿಗೆ ಅಂತಹ ದಿನಾಂಕವಿಲ್ಲ. ಅದೇ ಅಧ್ಯಯನ ಮಾಲಿನ್ಯಜನ್ಯ ಮರಣ ಮತ್ತು ಕಾಯಿಲೆಗಳಿಂದ ದೇಶ ಕಳೆದುಕೊಂಡ ದುಡಿಮೆಯ ಮೌಲ್ಯವನ್ನು ಒಟ್ಟು ದೇಶೀಯ ಉತ್ಪನ್ನದ ಶೇ. 1.36 ಎಂದು ಲೆಕ್ಕ ಹಾಕಿದೆ. ಸಣ್ಣ ಉದ್ದಿಮೆಗಳ ನಿವ್ವಳ ಲಾಭದ ಪ್ರಮಾಣವನ್ನು ಬಲ್ಲವರಿಗೆ ಈ ಅಂಕಿ ಸಣ್ಣದಾಗಿ ತೋರದು.

ಅಕಾಲ ಮರಣ ಎಂದರೆ ಅಪಘಾತದ ಸಾವಲ್ಲ. ಎಪ್ಪತ್ತು ವರ್ಷ ಬಾಳಬಹುದಾಗಿದ್ದ ಹಮಾಲನು ಐವತ್ತೆಂಟಕ್ಕೆ ಹೃದಯಾಘಾತದಿಂದ ತೀರಿಕೊಂಡರೆ ಮರಣಪತ್ರದಲ್ಲಿ ಹೃದಯಾಘಾತವೆಂದೇ ಬರೆಯಲಾಗುತ್ತದೆ. ಅವನು ಮೂವತ್ತು ವರ್ಷ ಉಸಿರಾಡಿದ ಕಾಳಿನ ಹೊಟ್ಟಿನ ಪುಡಿಗೆ ಅಲ್ಲಿ ಅಂಕಣವಿಲ್ಲ. ತಲೆಗೂದಲಿನ ದಪ್ಪ ಐವತ್ತರಿಂದ ಎಪ್ಪತ್ತು ಮೈಕ್ರಾನ್ ಇದ್ದರೆ, ಪಿಎಂ 2.5 ಎಂದು ಕರೆಯಲಾಗುವ ಕಣಗಳು 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣವು. ಒರಟು ಧೂಳು ಮೂಗು ಗಂಟಲಿನಲ್ಲಿ ಸಿಕ್ಕಿ ಕೆಮ್ಮಿನಲ್ಲಿ ಹೊರಬೀಳುತ್ತದೆ. ಈ ಸೂಕ್ಷ್ಮ ಕಣಗಳು ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ; ಅತಿ ಸೂಕ್ಷ್ಮವಾದವು ರಕ್ತವನ್ನೂ ಸೇರುತ್ತವೆ. ಹೃದ್ರೋಗ, ಪಾರ್ಶ್ವವಾಯು, ದೀರ್ಘಕಾಲದ ಶ್ವಾಸಕೋಶ ಕಾಯಿಲೆ, ಸಕ್ಕರೆ ಕಾಯಿಲೆ ಇವೆಲ್ಲವುಗಳಿಗೆ ಇವು ಕಾರಣವಾಗುವುದು ವೈದ್ಯಕೀಯವಾಗಿ ಸಿದ್ಧಪಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಕಣಗಳ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ಸೂಚಿಸಿತು. ಭಾರತದ 2009ರ ಮಾನದಂಡ 40 ಮೈಕ್ರೋಗ್ರಾಂ. ಎಂಟು ಪಟ್ಟು ಸಡಿಲವಾದ ಈ ಮಿತಿಯನ್ನೂ ದೇಶದ ಅನೇಕ ನಗರಗಳು ಮೀರುತ್ತಿವೆ.

ಇನ್ನು ಪಿಡುಗು ಇಂತಹ ದೇಹಗಳಲ್ಲಿ ಏನು ಮಾಡುತ್ತದೆ? ಶ್ವಾಸನಾಳದ ಒಳಗೋಡೆಯಲ್ಲಿ ರೋಗಾಣುಗಳನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿವೆ. ಅದರಾಚೆಗೆ ರೋಗಾಣುಗಳನ್ನು ನುಂಗುವ ರಕ್ಷಕ ಕೋಶಗಳಿವೆ. ವರ್ಷಗಟ್ಟಲೆ ಹೊಗೆ, ಧೂಳು ಸೇವಿಸಿದವರಲ್ಲಿ ಈ ಎರಡೂ ದುರ್ಬಲಗೊಂಡಿರುತ್ತವೆ. 2003ರಲ್ಲಿ ಚೀನಾದಲ್ಲಿ ಸಾರ್ಸ್ ರೋಗ ಹರಡಿದಾಗ, ಗಾಳಿ ಹೆಚ್ಚು ಕೆಟ್ಟಿದ್ದ ಪ್ರದೇಶಗಳ ರೋಗಿಗಳು ಸಾಯುವ ಸಂಭವ ಗಾಳಿ ಚೆನ್ನಾಗಿದ್ದ ಪ್ರದೇಶದವರಿಗಿಂತ ಇಮ್ಮಡಿ ಎಂದು ಒಂದು ಅಧ್ಯಯನ ಕಂಡುಕೊಂಡಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡವೊಂದು 2020ರಲ್ಲಿ ಆ ದೇಶದ ಕೌಂಟಿಗಳ ಅಂಕಿಗಳನ್ನು ಪರಿಶೀಲಿಸಿ, ದೀರ್ಘಕಾಲದ ಸೂಕ್ಷ್ಮ ಕಣಗಳ ಸರಾಸರಿ ಒಂದು ಮೈಕ್ರೋಗ್ರಾಂ ಹೆಚ್ಚಿದಲ್ಲಿ ಕೋವಿಡ್ ಮರಣ ಪ್ರಮಾಣವು ಶೇ. 11ರಷ್ಟು ಹೆಚ್ಚಿದ್ದುದನ್ನು ಗುರುತಿಸಿತು. ಇವು ಪ್ರದೇಶಗಳ ಹೋಲಿಕೆಯಿಂದ ಬಂದ ಸಂಬಂಧಗಳು; ಒಬ್ಬೊಬ್ಬ ರೋಗಿಯ ಸಾವಿಗೆ ಇಂಥದೇ ಕಾರಣವೆಂದು ಇವು ಸಾಬೀತು ಮಾಡುವುದಿಲ್ಲ ಎಂಬ ಎಚ್ಚರ ಅವಶ್ಯ. ಆದರೂ ಬೇರೆ ಬೇರೆ ಕಾಲದ, ಬೇರೆ ಬೇರೆ ದೇಶದ ಲೆಕ್ಕಗಳು ಒಂದೇ ದಿಕ್ಕಿಗೆ ಬೊಟ್ಟು ಮಾಡುವಾಗ ವಿವೇಕಿಯಾದ ವ್ಯಾಪಾರಿ ಅದನ್ನು ಅಲಕ್ಷಿಸಲಾರ.

ಇವುಗಳಲ್ಲಿ ಹೆಚ್ಚು ಕುತೂಹಲಕರವಾದದ್ದು 1918ರ ಲೆಕ್ಕ. ಅಮೆರಿಕದ ಅರ್ಥಶಾಸ್ತ್ರಜ್ಞರು ಆ ವರ್ಷದ ಇನ್‌ಫ್ಲುಯೆಂಜಾ ಪಿಡುಗಿನ ಕಾಲದ ಸುಮಾರು 180 ನಗರಗಳ ದಾಖಲೆಗಳನ್ನು ತೆಗೆದು, ವಿದ್ಯುತ್ತಿಗಾಗಿ ಹೆಚ್ಚು ಕಲ್ಲಿದ್ದಲು ಸುಡುತ್ತಿದ್ದ ನಗರಗಳಲ್ಲಿ ಜ್ವರ ಹೆಚ್ಚು ಜನರನ್ನು ಕೊಂದಿತೆಂದು ತೋರಿಸಿದರು. ವೈರಾಣು ಎಲ್ಲೆಡೆ ಒಂದೇ. ಹೊಗೆ ಮಾತ್ರ ಬೇರೆ ಬೇರೆ.

ಅದೇ ಜ್ವರ ಈ ಪ್ರದೇಶವನ್ನೂ ಬಿಡಲಿಲ್ಲ. ಆಗ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1918ರ ಜೂನ್‌ನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಜ್ವರ ಮಳೆಗಾಲ ಮುಗಿಯುವ ವೇಳೆಗೆ ಎರಡನೆಯ ಅಲೆಯಾಗಿ ಒಳನಾಡನ್ನು ಆವರಿಸಿತು. ಅದು ರೈಲು ಮಾರ್ಗಗಳ ಗುಂಟ ಹರಡಿದ ರೋಗ. 1884ರಲ್ಲಿ ಆರಂಭವಾದ ಹೊಟಗಿ–ಗದಗ ಮಾರ್ಗವು ಈ ಜಿಲ್ಲೆಯ ಹತ್ತಿ, ಕಾಳುಗಳನ್ನು ಸೊಲ್ಲಾಪುರದ ಮೂಲಕ ಮುಂಬಯಿಗೆ ಜೋಡಿಸಿತ್ತು. ಮುಂಬಯಿ ಪ್ರಾಂತವೊಂದರಲ್ಲಿಯೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಮಡಿದರು. ಇಡೀ ದೇಶದ ಅಂದಾಜು 1.2 ಕೋಟಿಯಿಂದ 1.8 ಕೋಟಿಯವರೆಗೆ ಇದೆ. ಆ ವರ್ಷ ದಖ್ಖನ್ನಿನಲ್ಲಿ ಮಳೆಯೂ ಕೈಕೊಟ್ಟಿತ್ತು. ಅರೆಹೊಟ್ಟೆಯ ದೇಹಗಳ ಮೇಲೆ ಜ್ವರ ಎರಗಿತು. ಸತ್ತವರಲ್ಲಿ ವೃದ್ಧರಿಗಿಂತ ಇಪ್ಪತ್ತರಿಂದ ನಲವತ್ತರ ವಯಸ್ಸಿನ ದುಡಿಯುವ ಜನರ ಪಾಲು ದೊಡ್ಡದಿತ್ತು. ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಹಸಿವು, ರೋಗಿಗಳ ಆರೈಕೆಯ ಭಾರ ಇವನ್ನು ಇತಿಹಾಸಕಾರರು ಕಾರಣವಾಗಿ ಹೇಳುತ್ತಾರೆ. ಕುಳ್ಳು, ಕಟ್ಟಿಗೆಯ ಒಲೆಯ ಮುಂದೆ ಕಳೆದ ವರ್ಷಗಳ ಪಾಲು ಇದರಲ್ಲಿ ಎಷ್ಟಿತ್ತೆಂದು ಅಂದು ಅಳೆದವರಿಲ್ಲ. ಇಂದಿನ ಕರ್ನಾಟಕದ ಪ್ರದೇಶದಲ್ಲಿ 1911ರಲ್ಲಿ ಸುಮಾರು 1.35 ಕೋಟಿ ಇದ್ದ ಜನಸಂಖ್ಯೆ 1921ರ ಗಣತಿಯಲ್ಲಿ ಸುಮಾರು 1.34 ಕೋಟಿಗೆ ಇಳಿದಿತ್ತು. ಇಪ್ಪತ್ತನೆಯ ಶತಮಾನದಲ್ಲಿ ದೇಶದ ಜನಸಂಖ್ಯೆ ಇಳಿದದ್ದು ಆ ಒಂದು ದಶಕದಲ್ಲಿ ಮಾತ್ರ.

ನೂರೆರಡು ವರ್ಷಗಳ ನಂತರ, 2020ರ ಮಾರ್ಚ್‌ನಲ್ಲಿ, ದೇಶದ ಮೊದಲ ಕೊರೊನಾ ಮರಣ ನೆರೆಯ ಕಲಬುರಗಿಯಲ್ಲಿ ದಾಖಲಾಯಿತು. ಆ ಮಾರ್ಚ್ 25ರಂದು ದೇಶ ಬಾಗಿಲು ಮುಚ್ಚಿದಾಗ ಜಿಲ್ಲೆಯಲ್ಲಿ ದ್ರಾಕ್ಷಿ ಕೊಯ್ಲಿನ ಕಾಲ. ಮಾರುಕಟ್ಟೆ ಕಾಣದ ಹಣ್ಣನ್ನು ಅನೇಕರು ಒಣದ್ರಾಕ್ಷಿಗೆ ಹಾಕಿದರು. ವ್ಯಾಪಾರ ನಿಂತ ಆ ದಿನಗಳಲ್ಲಿ ಗಾಳಿ ತಿಳಿಯಾಯಿತೆಂಬುದೂ ಸತ್ಯ. ಉತ್ತರ ಭಾರತದ ಆಕಾಶದಲ್ಲಿ ತೂಗಾಡುವ ಕಣಗಳು ಇಪ್ಪತ್ತು ವರ್ಷಗಳಲ್ಲಿಯೇ ಕನಿಷ್ಠ ಮಟ್ಟಕ್ಕೆ ಇಳಿದವೆಂದು ನಾಸಾ ಸಂಸ್ಥೆ ತಿಳಿಸಿತು. ಇದನ್ನು ಉದಾಹರಿಸಿ ಉದ್ದಿಮೆ ಮುಚ್ಚಿದರೆ ಗಾಳಿ ಶುದ್ಧವೆಂದು ವಾದಿಸುವವರಿದ್ದಾರೆ. ಹೊಟ್ಟೆಪಾಡು ನಿಲ್ಲಿಸಿ ಪಡೆದ ಶುದ್ಧ ಗಾಳಿ ಯಾರಿಗೂ ಬೇಡ. ಉದ್ದಿಮೆ ನಡೆಯುತ್ತಿರುವಾಗಲೇ ಧೂಳನ್ನು ಹಿಡಿಯುವುದು ಹೇಗೆಂಬುದು ಪ್ರಶ್ನೆ.

ಗಡಿ ಭಾಗದ ಧೂಳಿನ ಮೂಲಗಳು ಗುಟ್ಟಿನವೇನಲ್ಲ. ಹೆದ್ದಾರಿಯ ಅಂಚಿನ ಮಣ್ಣು, ಡೀಸೆಲ್ ಹೊಗೆ, ಕಲ್ಲು ಕ್ರಷರ್‌ಗಳು, ಇಟ್ಟಂಗಿ ಭಟ್ಟಿಗಳು, ಬೇಳೆ ಗಿರಣಿ, ಜಿನ್ನಿಂಗ್ ಗಿರಣಿಗಳು, ಕಬ್ಬು ಕಡಿದ ಮೇಲೆ ಹೊಲದಲ್ಲಿ ಸುಡುವ ರವದಿ. ಇವುಗಳ ಮೇಲೆ ದೂರದಿಂದ ಬರುವ ಪಾಲೂ ಇದೆ. ದಕ್ಷಿಣಕ್ಕೆ ಬಸವನ ಬಾಗೇವಾಡಿ ಭಾಗದ ಕೂಡಗಿಯಲ್ಲಿ 2400 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ. ಉತ್ತರಕ್ಕೆ ಭೀಮೆಯ ಆಚೆ ಸೊಲ್ಲಾಪುರದ ಬಳಿ 1320 ಮೆಗಾವ್ಯಾಟ್‌ನದು. ಚಿಮಣಿಯಿಂದ ಹೊರಟ ಗಂಧಕದ ಅನಿಲ ಗಾಳಿಯಲ್ಲಿ ಸಾಗುತ್ತ ಸೂಕ್ಷ್ಮ ಕಣಗಳಾಗಿ ಮಾರ್ಪಡುತ್ತದೆ. ಅದಕ್ಕೆ ತಾಲ್ಲೂಕಿನ ಗಡಿಯೂ ಇಲ್ಲ, ರಾಜ್ಯದ ಗಡಿಯೂ ಇಲ್ಲ. ಈ ಅನಿಲಕ್ಕೆ 2015ರ ಡಿಸೆಂಬರ್‌ನಲ್ಲಿ ಕೇಂದ್ರವು ಮಿತಿ ಹಾಕಿತು, ಗಡುವನ್ನು ಹಲವು ಬಾರಿ ಮುಂದೂಡಿತು, 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳನ್ನು ಆ ಮಿತಿಯಿಂದಲೇ ಹೊರಗಿಟ್ಟಿತು.

ಇಲ್ಲಿ ಸಣ್ಣ ಉದ್ದಿಮೆದಾರನ ಅಸಮಾಧಾನ ನ್ಯಾಯವಾದದ್ದು. ನೂರಾರು ಮೆಗಾವ್ಯಾಟ್‌ನ ಘಟಕಗಳಿಗೆ ವಿನಾಯಿತಿ, ಐವತ್ತು ಅಶ್ವಶಕ್ತಿಯ ಗಿರಣಿಗೆ ನೋಟಿಸು ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಆ ಸಿಟ್ಟಿನಲ್ಲಿ ಒಂದು ವ್ಯತ್ಯಾಸ ಮರೆಯಾಗಬಾರದು. ದೊಡ್ಡ ಚಿಮಣಿಯ ಕಣ ನೂರಾರು ಕಿಲೋಮೀಟರ್‌ಗಳಲ್ಲಿ ಹಂಚಿಹೋಗುತ್ತದೆ. ಕ್ರಷರ್‌ನ ಧೂಳಿನ ಹೆಚ್ಚಿನ ಭಾಗ ಕ್ರಷರ್‌ನ ಅಂಗಳದಲ್ಲಿಯೇ, ಅಲ್ಲಿ ದುಡಿಯುವ ಹತ್ತಿಪ್ಪತ್ತು ಜನರ ಮತ್ತು ಎಷ್ಟೋ ಕಡೆ ಅಲ್ಲಿಯೇ ಕುಳಿತು ಚೀಟಿ ಬರೆಯುವ ಮಾಲೀಕನ ಎದೆಯಲ್ಲಿಯೇ ಇಳಿಯುತ್ತದೆ. ಹೀಗಾಗಿ ಸಣ್ಣ ಘಟಕ ಧೂಳು ತಡೆಯಲು ಹಾಕಿದ ಹಣದ ಫಲ ಬಹುಮಟ್ಟಿಗೆ ಅದೇ ಅಂಗಳಕ್ಕೆ ಮರಳುತ್ತದೆ. ದೊಡ್ಡವರು ಮಾಡಲಿಲ್ಲವೆಂದು ಸಣ್ಣವರು ಕಾಯ್ದು ಕುಳಿತರೆ ನಷ್ಟ ದೊಡ್ಡವರದಾಗುವುದಿಲ್ಲ.

ಕಲ್ಲಿನ ಧೂಳಿನ ಅಪಾಯ ವಿಶೇಷವಾದದ್ದು. ಅದರಲ್ಲಿನ ಸಿಲಿಕಾ ಶ್ವಾಸಕೋಶದಲ್ಲಿ ಶಾಶ್ವತ ಗಾಯ ಮಾಡುತ್ತದೆ. ಸಿಲಿಕೋಸಿಸ್‌ಗೆ ಗುಣಪಡಿಸುವ ಔಷಧವಿಲ್ಲ, ಅದು ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಇನ್ನೊಂದು. 1948ರ ಕಾರ್ಖಾನೆಗಳ ಕಾಯ್ದೆಯು ಇವೆರಡನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಇಟ್ಟಿತ್ತು. ಸಣ್ಣ ಘಟಕಗಳಲ್ಲಿ ವೈದ್ಯಕೀಯ ತಪಾಸಣೆಯೇ ಅಪರೂಪವಾದ ಕಾರಣ ವರದಿಯ ಮಾತೇ ಏಳುವುದಿಲ್ಲ. ಕ್ರಷರ್‌ನ ಯಂತ್ರದಿಂದ ಮೂರರಿಂದ ಹತ್ತು ಮೀಟರ್ ದೂರದಲ್ಲಿ ತೇಲುವ ಧೂಳು ಘನ ಮೀಟರ್‌ಗೆ 600 ಮೈಕ್ರೋಗ್ರಾಂ ಮೀರಬಾರದೆಂಬ ಮಾನದಂಡ ಬಹಳ ಹಿಂದಿನಿಂದಲೂ ಇದೆ. ಅದನ್ನು ಪಾಲಿಸಲು ಬೇಕಾದದ್ದು ವಿದೇಶಿ ಯಂತ್ರವಲ್ಲ: ಕಲ್ಲು ಬೀಳುವ ಮತ್ತು ಒಡೆಯುವ ಜಾಗಗಳಲ್ಲಿ ನೀರಿನ ಸಿಂಪಡಣೆ, ಕನ್ವೇಯರ್ ಪಟ್ಟಿಗೆ ಮುಚ್ಚಿಗೆ, ಗಾಳಿ ತಡೆಯುವ ಗೋಡೆ, ಅಂಗಳದ ದಾರಿಗೆ ಗಟ್ಟಿ ನೆಲ. ಬರದ ವರ್ಷದಲ್ಲಿ ಕುಡಿಯಲೇ ನೀರಿಲ್ಲದಾಗ ಕಲ್ಲಿಗೆ ನೀರೆಲ್ಲಿ ಎಂಬ ಆಕ್ಷೇಪ ಇಂಡಿ, ಸಿಂದಗಿ ಕಡೆಯವರಿಂದ ಬರುವುದು ಸಹಜ. ಅಂತಹ ಕಡೆ ಮುಚ್ಚಿಗೆ ಮತ್ತು ಧೂಳು ಹೀರುವ ಚೀಲ ಶೋಧಕಗಳೇ ದಾರಿ; ಅದಕ್ಕೆ ಹಣ ಹೆಚ್ಚು ಬೇಕು, ಸಾಲದ ನೆರವೂ ಬೇಕು.

ಬೇಳೆ ಗಿರಣಿಯ ಲೆಕ್ಕ ಇದಕ್ಕಿಂತ ಸುಲಭ. ಅಲ್ಲಿ ಹಾರಿಹೋಗುವ ಪುಡಿಯೇ ಸರಕು. ಸೈಕ್ಲೋನ್ ಮತ್ತು ಚೀಲ ಶೋಧಕದಲ್ಲಿ ಸಿಕ್ಕ ಹೊಟ್ಟು, ಚುನಿ ದನದ ಮೇವಾಗಿ ಮಾರಾಟವಾಗುತ್ತದೆ. ಧೂಳಿಗೆ ಬೆಲೆಯಿದೆ ಎಂಬುದು ಜಿಲ್ಲೆಯ ವರ್ತಕರಿಗೆ ಹೊಸ ಮಾತೂ ಅಲ್ಲ. ಒಣದ್ರಾಕ್ಷಿಯ ಶೆಡ್ಡಿನ ಸುತ್ತ ಜಾಲರಿ ಕಟ್ಟುವುದು ಏಕೆ? ಧೂಳು ಕೂತ ಮಾಲಿಗೆ ದರ ಬೀಳುತ್ತದೆ, ತೊಳೆದರೂ ಮೊದಲಿನ ಹೊಳಪು ಬಾರದು. ಹಣ್ಣಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿ ಯೋಚಿಸುವ ಮಾರುಕಟ್ಟೆಯು ಅದನ್ನು ಹೊರುವ, ಆರಿಸುವ ಹೆಂಗಸರ ಮೂಗಿಗೆ ಸೀರೆಯ ಸೆರಗೇ ಸಾಕೆಂದು ನಂಬಿರುವುದು ವಿಚಿತ್ರ. ಸೆರಗಾಗಲಿ ಟವೆಲ್ಲಾಗಲಿ ಒರಟು ಧೂಳನ್ನು ಸ್ವಲ್ಪ ತಡೆದೀತು. ಸೂಕ್ಷ್ಮ ಕಣಕ್ಕೆ ಎನ್-95 ಮುಖಗವಸೇ ಬೇಕು. 2020ರಲ್ಲಿ ಅದರ ಬೆಲೆ, ಬಳಕೆ ಎರಡನ್ನೂ ಜನ ಕಲಿತರು. ಮರೆತದ್ದೂ ಅಷ್ಟೇ ಬೇಗ.

ಒಬ್ಬ ನುರಿತ ಫಿಟ್ಟರ್ ಅಥವಾ ಇಪ್ಪತ್ತು ವರ್ಷಗಳ ಅನುಭವದ ಚಾಲಕ ನಲವತ್ತೆಂಟನೆಯ ವಯಸ್ಸಿನಲ್ಲಿ ಉಸಿರುಕಟ್ಟಿ ಮನೆಯಲ್ಲಿ ಕುಳಿತರೆ ಘಟಕಕ್ಕೆ ಆಗುವ ನಷ್ಟ ಜಮಾ–ಖರ್ಚಿನ ಪುಸ್ತಕದಲ್ಲಿ ಬರುವುದಿಲ್ಲ; ಮುಂಗಡ ಕೊಟ್ಟ ಹಣ ಬರಲಿಲ್ಲವೆಂದು ಮಾತ್ರ ಬರುತ್ತದೆ. ಮುಂದಿನ ಪಿಡುಗು ಯಾವಾಗ ಬರುವುದೋ ಯಾರೂ ಹೇಳಲಾರರು. ಬಂದಾಗ ಮೊದಲು ಬೀಳುವವರು ಯಾರೆಂಬುದನ್ನು ಮಾತ್ರ ಇಂದೇ ಗುರುತಿಸಬಹುದು. ಯಂತ್ರದೊಳಗೆ ಜೋರಾಗಿ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಕೆಲವೇ ನಿಮಿಷಗಳದು. ಹಂಗಾಮು ಮುಗಿದ ಮೇಲೆ ವರ್ಷಕ್ಕೊಮ್ಮೆ ಹಮಾಲರು, ಕ್ರಷರ್ ಮತ್ತು ಗಿರಣಿಯ ಕೆಲಸಗಾರರು, ಚಾಲಕರು ಇವರಿಗೆ ಈ ಪರೀಕ್ಷೆ ಮಾಡಿಸಿದರೆ ಯಾರ ಎದೆ ಕುಗ್ಗುತ್ತಿದೆ ಎಂಬುದು ತಿಳಿಯುತ್ತದೆ. ಅಂಥವರನ್ನು ಧೂಳಿನ ಕೆಲಸದಿಂದ ತೂಕದ ಕಾಟೆಗೋ ಗೋದಾಮಿನ ಲೆಕ್ಕಕ್ಕೋ ಬದಲಾಯಿಸಲು ದುಡ್ಡೇನೂ ಬೇಕಾಗಿಲ್ಲ. ಒಂದೊಂದು ಘಟಕಕ್ಕೆ ಭಾರವೆನಿಸುವ ಈ ಏರ್ಪಾಡನ್ನು ವಾಣಿಜ್ಯ ಸಂಸ್ಥೆಗಳು ಒಟ್ಟಾಗಿ ಮಾಡಿಸುವುದು ಹಗುರ.

ಇದೆಲ್ಲಕ್ಕೂ ಮೊದಲು ಆಗಬೇಕಾದದ್ದು ಅಳತೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಒಂದು ಕಡೆಯ ಸೊಲ್ಲಾಪುರವೂ ಇನ್ನೊಂದು ಕಡೆಯ ಕಲಬುರಗಿಯೂ ಇವೆ. ನಡುವಿನ ಊರುಗಳು ಆ ಕಾರ್ಯಕ್ರಮದ ದೃಷ್ಟಿಗೆ ಬೀಳುವುದಿಲ್ಲ, ಏಕೆಂದರೆ ಅದು ನಗರಗಳಿಗಾಗಿ ಮಾಡಿದ್ದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರ ವಿಜಯಪುರ ನಗರದ ಇಬ್ರಾಹಿಂಪುರದಲ್ಲಿದೆ. ಅಲ್ಲಿಯ ಗಾಳಿ ಉತ್ತಮವೆಂದು ದಾಖಲಾದ ದಿನಗಳೂ ಇವೆ, ಸಂತೋಷ. ಆದರೆ ಆ ಅಂಕಿ ಝಳಕಿಯ ಹೆದ್ದಾರಿಯ ಅಂಚಿನಲ್ಲಿ ಹದಿನಾಲ್ಕು ಗಂಟೆ ಅಂಗಡಿ ತೆರೆದು ಕೂರುವವನ ಗಾಳಿಯ ಬಗ್ಗೆ ಏನನ್ನೂ ಹೇಳದು. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಚಳಿಯ ಗಾಳಿ ನೆಲಕ್ಕೆ ಒತ್ತಿಕೊಂಡಿರುವಾಗಲೇ ಕಬ್ಬಿನ ಕಾರ್ಖಾನೆಗಳು ನುರಿಸುತ್ತಿರುತ್ತವೆ, ಹೊಲಗಳಲ್ಲಿ ರವದಿ ಉರಿಯುತ್ತದೆ, ಹೊಸ ತೊಗರಿ ಗಿರಣಿಗೆ ಬರುತ್ತದೆ. ಮಂಡಳಿಯ ಸಂಚಾರಿ ಮಾಪನ ಘಟಕವನ್ನು ಈ ಒಂದು ಹಂಗಾಮಿನ ಮಟ್ಟಿಗೆ ಝಳಕಿಯಲ್ಲಿ ನಿಲ್ಲಿಸುವಂತೆ ಜಿಲ್ಲೆಯ ವರ್ತಕರೇ ಲಿಖಿತ ಬೇಡಿಕೆ ಸಲ್ಲಿಸುವುದು ಯೋಗ್ಯ. ಮಾಲಿನ್ಯ ಅಳೆಯಿರೆಂದು ಉದ್ದಿಮೆದಾರರೇ ಕೇಳುವುದು ವಿಪರೀತವೆಂದು ಕೆಲವರಿಗೆ ತೋರಬಹುದು. ಅಳತೆ ಇಲ್ಲದಿರುವಾಗ ಕ್ರಷರ್‌ನವನು ರಸ್ತೆಯನ್ನು, ರಸ್ತೆಯವರು ಭಟ್ಟಿಯನ್ನು, ಭಟ್ಟಿಯವನು ರವದಿ ಸುಡುವ ರೈತನನ್ನು, ಎಲ್ಲರೂ ಸೇರಿ ಕೂಡಗಿಯ ಚಿಮಣಿಯನ್ನು ದೂರುತ್ತಾರೆ; ನೋಟಿಸು ಬರುವುದು ಮಾತ್ರ ಯಾರ ಫಲಕ ರಸ್ತೆಗೆ ಕಾಣುತ್ತದೆಯೋ ಅವರಿಗೆ.